ಬಸ್ಸಿಲ್ಲದ ಊರಿನ ಪುಟ

ಚಳ್ಳಕೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತವರು ತಿಪ್ಪೇರುದ್ರಪ್ಪ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ, ಯಾವ ಡ್ರೈವರು ಟೀ ಕುಡಿಯಲು ಎಷ್ಟು ನಿಮಿಷ ನುಂಗುತ್ತಾನೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು.

ಆ ಕಾಲವೇ ಬೇರೆ. ವಿಚಾರಣೆಯ ಕಿಟಕಿ ಎಂದರೆ ತಗಡಿನಲ್ಲಿ ಕೊರೆದ ಒಂದು ತೂತು. ಅದರಾಚೆ ಬೆಳಗಿನಿಂದ ಜನವೋ ಜನ. ಬೇಯಿಸಿದ ಶೇಂಗಾದ ವಾಸನೆ, ಡೀಸೆಲ್ ಹೊಗೆ, ಕಾಲೇಜು ಹುಡುಗಿಯರ ನಗು, ಕುರಿಗಳ ಅರಚಾಟ. ಚಿತ್ರದುರ್ಗದ ಹಾಸ್ಟೆಲಿನಲ್ಲಿ ಓದುವ ಮಕ್ಕಳಿಗೆ ತಾಯಂದಿರು ಬುತ್ತಿ ಕಟ್ಟಿ ತಂದು ಆ ಕಿಟಕಿಯಲ್ಲಿ ಇಟ್ಟುಹೋಗುತ್ತಿದ್ದರು. ತಿಪ್ಪೇರುದ್ರಪ್ಪ ಅದನ್ನು ಕಂಡಕ್ಟರ್ ಕೈಗೆ ದಾಟಿಸುತ್ತಿದ್ದರು. ಒಂದು ದಿನವೂ ಬುತ್ತಿ ದಾರಿ ತಪ್ಪಿದ್ದಿಲ್ಲ. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ಕತೆ ಕಟ್ಟುತ್ತಿದ್ದೀರಿ ಅನ್ನುತ್ತಾರೆ.

“ರುದ್ರಣ್ಣ ಹೇಳಿದ್ರೆ ಬಸ್ ಬಂದಂಗೇಯ,” ಎನ್ನುತ್ತಿದ್ದರು ಸುತ್ತಲಿನ ಹಟ್ಟಿಗಳ ಜನ. ಆ ಮಾತನ್ನು ಕೇಳಿದಾಗ ಅವರ ಮೀಸೆಯ ಅಂಚು ತುಸು ಮೇಲೇರುತ್ತಿತ್ತು.

ಅವರು ಕೆಲಸ ಬಿಟ್ಟ ವರ್ಷವೇ ಕಿಟಕಿಯೂ ಮುಚ್ಚಿತು. ಅಲ್ಲೀಗ ಮೊಬೈಲ್ ಕವರು ಮಾರುವ ಅಂಗಡಿ. ಮನೆಯಲ್ಲಿ ಕೂತ ತಿಪ್ಪೇರುದ್ರಪ್ಪನವರಿಗೆ ಊಟ ಸೇರದಾಯಿತು. ವೈದ್ಯರು ಬಿಪಿ ನೋಡಿದರು, ಸಕ್ಕರೆ ನೋಡಿದರು, ಏನೂ ಇಲ್ಲ ಎಂದರು. ಇದ್ದದ್ದು ಒಂದೇ ಕೊರತೆ. ದಿನಕ್ಕೆ ಸಾವಿರ ಜನ ಬಂದು ಕೇಳುತ್ತಿದ್ದ ಮನುಷ್ಯನ ಬಳಿಗೆ ಈಗ ಒಬ್ಬರೂ ಬರುತ್ತಿರಲಿಲ್ಲ.

ನಿಲ್ದಾಣದ ಎದುರು ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದ ನಸ್ರೀನ್ ಇದನ್ನು ಗಮನಿಸಿದಳು. ಕಾಲೇಜಿಗೆ ಓಡಾಡುವಾಗ ಆ ತೂತಿನಲ್ಲಿ ಬಗ್ಗಿ ಬಸ್ ಕೇಳಿದವಳೇ ಅವಳೂ.

“ರುದ್ರಣ್ಣ, ಒಂದು ಕಿಟಕಿ ಮುಚ್ಚಿದ್ರೆ ಮುಚ್ಚಲಿ, ಇನ್ನೊಂದು ತೆಗಿಯಾಣ ಬನ್ನಿ,” ಎಂದು ಕರೆದು ಕೂರಿಸಿಕೊಂಡು ಒಂದು ವೆಬ್‌ಸೈಟ್ ಮಾಡಿಕೊಟ್ಟಳು. ಅವರು ಹೇಳುತ್ತಾ ಹೋದರು, ಅವಳು ಟೈಪ್ ಮಾಡುತ್ತಾ ಹೋದಳು. ಚಳ್ಳಕೆರೆಯಿಂದ ಹೊರಡುವ ಮೂವತ್ತೇಳು ದಾರಿಗಳಿಗೆ ಮೂವತ್ತೇಳು ಪುಟ. ಕೆಳಗೆ ತಿಪ್ಪೇರುದ್ರಪ್ಪನವರ ಹೆಸರು, ಫೋನ್ ನಂಬರ್.

ಎರಡೇ ತಿಂಗಳಲ್ಲಿ ಜನ ಗೂಗಲ್‌ನಲ್ಲಿ ಹುಡುಕಿ ಅಲ್ಲಿಗೆ ಬರತೊಡಗಿದರು. ಫೋನ್ ರಿಂಗಾಯಿತು. “ರುದ್ರಣ್ಣಾರಾ? ಇನ್ನೂ ಇದೀರಾ ನೀವು!” ಎಂದು ಹಳೆಯ ಪ್ರಯಾಣಿಕರು ಆ ಕಡೆಯಿಂದ ಕೂಗಿದರು. ತಿಪ್ಪೇರುದ್ರಪ್ಪ ಎರಡು ಮುದ್ದೆ ಉಣ್ಣತೊಡಗಿದರು.

ಅಲ್ಲಿಗೇ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ದಿನಕ್ಕೆ ಎಷ್ಟು ಜನ ಬಂದರು ಎಂದು ಲೆಕ್ಕ ತೋರಿಸುವ ಜಾಗವನ್ನು ನಸ್ರೀನ್ ಅವರಿಗೆ ತೋರಿಸಿಬಿಟ್ಟಳು. ಅದೇ ತಪ್ಪಾಯಿತು. ಆಮೇಲೆ ಅವರು ಬಸ್ಸು ನೋಡುವುದನ್ನು ಬಿಟ್ಟು ಲೆಕ್ಕ ನೋಡತೊಡಗಿದರು. ಇನ್ನೂರು ಬಂದರೆ ಮುನ್ನೂರು ಯಾಕಿಲ್ಲ ಎಂಬ ಚಡಪಡಿಕೆ. ಎಲ್ಲೋ ಕೂತು ನಡೆಸುವ ದೊಡ್ಡದೊಂದು ಸೈಟು ಚಳ್ಳಕೆರೆಯ ಬಸ್ಸಿನ ವಿಷಯದಲ್ಲಿ ತಮಗಿಂತ ಮೇಲೆ ಕಾಣುತ್ತದಲ್ಲ ಎಂಬ ಹೊಟ್ಟೆಯುರಿ.

ಅಂಥ ಹೊತ್ತಿನಲ್ಲೇ ಧೀರಜ್ ಎನ್ನುವವನು ಫೋನ್ ಮಾಡಿದ. ಸೈಟುಗಳನ್ನು ಹುಡುಕಾಟದಲ್ಲಿ ಮೇಲಕ್ಕೆ ತರುವುದೇ ಅವನ ಕಸುಬು. ಮಾತು ಬೆಣ್ಣೆಯ ಹಾಗಿತ್ತು.

“ಸರ್, ನಿಮ್ಮ ತಾಲೂಕಲ್ಲಿ ಎಷ್ಟು ಹಳ್ಳಿ ಇದೆಯೋ ಅಷ್ಟೂ ಪುಟ ಮಾಡೋಣ. ಪ್ರತಿ ಊರಿಂದ ಪ್ರತಿ ಪಟ್ಟಣಕ್ಕೂ ನೇರ ಬಸ್ ಅಂತ ಹಾಕೋಣ. ಯಾರು ಯಾವ ಊರು ಹುಡುಕಿದ್ರೂ ನೀವೇ ಕಾಣ್ತೀರ.”

“ಅಷ್ಟೂ ಊರಿಗೆ ಬಸ್ ಇಲ್ವಲ್ರೀ?”

“ಬಂದವರು ಫೋನ್ ಮಾಡ್ತಾರಲ್ಲ ಸರ್, ಆಗ ಹೇಳಿದ್ರಾಯ್ತು. ಮೊದಲು ಬರಲಿ.”

ನಸ್ರೀನ್ ಬೇಡ ಎಂದಳು. ತಿಪ್ಪೇರುದ್ರಪ್ಪ ಅವಳ ಕಡೆ ನೋಡದೆ, “ನೀನ್ ಸುಮ್ನಿರಮ್ಮ, ಅವ್ರು ಇದ್ರಾಗೆ ಪಳಗಿದೋರು,” ಎಂದುಬಿಟ್ಟರು.

ನಾನೂರ ಹನ್ನೆರಡು ಹೊಸ ಪುಟಗಳು ಎದ್ದವು. ಎಲ್ಲದರಲ್ಲೂ ಅದೇ ನಾಲ್ಕು ಸಾಲು, ಊರಿನ ಹೆಸರು ಮಾತ್ರ ಬೇರೆ. ಅದು ಸಾಲದೆಂದು, ಬೇರೆ ಸೈಟುಗಳಿಂದ ಲಿಂಕ್ ಇದ್ದಷ್ಟೂ ಗೂಗಲ್ ಮೇಲೆ ತೋರಿಸುತ್ತದೆ ಎಂದು ಧೀರಜ್ ಎಲ್ಲೆಲ್ಲಿಂದಲೋ ಈ ಸೈಟಿಗೆ ಲಿಂಕ್ ಹಾಕಿಸಿದ. ಬೊಜ್ಜು ಕರಗಿಸುವ ಔಷಧಿಯವರು, ಚಪ್ಪಲಿ ಮಾರುವವರು, ಜಾತಕ ನೋಡುವವರು, ಎಲ್ಲರೂ ಚಳ್ಳಕೆರೆಯ ಬಸ್ಸನ್ನು ಹೊಗಳಿದ್ದೇ ಹೊಗಳಿದ್ದು. ಲೆಕ್ಕ ಸಾವಿರ ದಾಟಿತು. ತಿಪ್ಪೇರುದ್ರಪ್ಪ ಬೀಗಿದರು. ಕಂಡಕಂಡವರಿಗೆಲ್ಲ ಮೊಬೈಲ್ ತೆಗೆದು ತೋರಿಸಿದರು.

ಮೂರು ತಿಂಗಳು ಹಾಗೆ ನಡೆಯಿತು. ನಾಲ್ಕನೆಯ ತಿಂಗಳ ಒಂದು ಸೋಮವಾರ ಲೆಕ್ಕ ಒಂಬತ್ತಕ್ಕೆ ಇಳಿಯಿತು. ಮಂಗಳವಾರ ನಾಲ್ಕು. ಗೂಗಲ್‌ನಲ್ಲಿ ಚಳ್ಳಕೆರೆ ಬಸ್ ಎಂದು ಹುಡುಕಿದರೆ ಪುಟದ ಮೇಲೆ ಪುಟ ತಿರುವಿದರೂ ಅವರ ಸೈಟು ಸಿಗಲಿಲ್ಲ. ನಸ್ರೀನ್ ಸೈಟಿನ ಖಾತೆಯೊಳಗೆ ಹೋಗಿ ನೋಡಿದಳು. ಗೂಗಲ್‌ನಿಂದ ಒಂದು ಎಚ್ಚರಿಕೆಯ ಪತ್ರ ಬಂದು ಕೂತಿತ್ತು. ಜನರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿ ಹಾಕಿದ್ದೀರಿ, ಸುಳ್ಳು ಲಿಂಕುಗಳನ್ನು ಹಾಕಿಸಿದ್ದೀರಿ, ಆದ್ದರಿಂದ ನಿಮ್ಮ ಸೈಟನ್ನು ಹುಡುಕಾಟದಿಂದ ಕೈಬಿಟ್ಟಿದ್ದೇವೆ ಎಂಬುದು ಅದರ ಸಾರ.

ಹಳೆಯ ಮೂವತ್ತೇಳು ಪುಟಗಳೂ ಕಾಣದಾದವು. ಫೋನ್ ಮೂಕವಾಯಿತು. ಎರಡನೆಯ ಸಲ ಕಿಟಕಿ ಮುಚ್ಚಿತ್ತು. ಮೊದಲ ಸಲ ಮುಚ್ಚಿದವರು ಬೇರೆಯವರು, ಈ ಸಲ ಮುಚ್ಚಿಕೊಂಡವರು ತಾವೇ ಎಂಬುದು ಅವರ ಎದೆಯನ್ನು ಹಿಂಡಿತು.

ಧೀರಜ್ ಮಾತ್ರ ಒಂಚೂರೂ ಅಳುಕಲಿಲ್ಲ. “ಚಿಂತೆ ಬೇಡ ಸರ್. ಬೇರೆ ಹೆಸರಲ್ಲಿ ಹೊಸ ಸೈಟು ತೆಗೆದು ಇದೇ ಪುಟಗಳನ್ನ ಅಲ್ಲಿಗೆ ಸಾಗಿಸೋಣ. ಒಂದು ವಾರದಲ್ಲಿ ಮತ್ತೆ ಮೇಲೆ,” ಎಂದ.

“ನಿನ್ನ ದಾರಿಯಾಗೆ ಹೋದ್ರೆ ಎಷ್ಟು ದಿನ ಹಿಡಿತದಮ್ಮ?” ಎಂದು ತಿಪ್ಪೇರುದ್ರಪ್ಪ ನಸ್ರೀನಳನ್ನು ಕೇಳಿದರು.

“ಕೆಟ್ಟಿದ್ದನ್ನೆಲ್ಲ ಅಳಿಸ್ಬೇಕು. ತಪ್ಪಾಯ್ತು, ಸರಿ ಮಾಡಿದೀವಿ ಅಂತ ಅವ್ರಿಗೆ ಬರಿಬೇಕು. ಆಮೇಲೆ ಕಾಯ್ಬೇಕು. ಆರು ತಿಂಗಳೋ ವರ್ಷವೋ, ಮತ್ತೆ ಮೇಲೆ ಬರ್ತೀವಿ ಅಂತ ನಾನು ಮಾತು ಕೊಡಕ್ಕಾಗಲ್ಲ ರುದ್ರಣ್ಣ.”

ವಾರವೆಲ್ಲಿ, ವರ್ಷವೆಲ್ಲಿ! ತಿಪ್ಪೇರುದ್ರಪ್ಪ ಧೀರಜ್‌ಗೆ ಹೂಂ ಎನ್ನಲು ಫೋನ್ ಕೈಗೆತ್ತಿಕೊಂಡರು.

ಆಗಲೇ ಸೆಂಟರಿನ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಹೆಸರು ಪಾಲಕ್ಕ, ಊರು ಕೆಂಚವ್ವನಹಟ್ಟಿ. ಕೈ ಹಿಡಿದು ಕರೆತಂದ ತಾಯಿಯನ್ನು ಬೆಂಚಿನ ಮೇಲೆ ಕೂರಿಸಿ, ಮೊಬೈಲ್ ತೆಗೆದು ತಿಪ್ಪೇರುದ್ರಪ್ಪನವರ ಮುಂದೆ ಹಿಡಿದಳು. ಎರಡು ತಿಂಗಳ ಹಿಂದೆ ತೆಗೆದಿಟ್ಟುಕೊಂಡಿದ್ದ ಪುಟದ ಚಿತ್ರ ಅದು. ಕೆಂಚವ್ವನಹಟ್ಟಿಯಿಂದ ಚಿತ್ರದುರ್ಗಕ್ಕೆ ನೇರ ಬಸ್, ಬೆಳಿಗ್ಗೆ ಆರೂವರೆ ಎಂದಿತ್ತು.

“ಇದು ನೀವು ಬರ್ದಿದ್ದಾ ಸ್ವಾಮಿ?”

ತಿಪ್ಪೇರುದ್ರಪ್ಪ ಹೌದೆಂದು ತಲೆ ಆಡಿಸಿದರು.

“ಅವತ್ತು ನಮ್ಮವ್ವುಂಗೆ ದುರ್ಗದಾಗೆ ಕಣ್ಣಿನ ಆಪರೇಷನ್ ಇತ್ತು. ಯಾವಾಗ್ಲೂ ಹಾಲಿನ ವ್ಯಾನಿನಾಗೆ ಕ್ರಾಸಿಗೆ ಹೋಗಿ ಬಸ್ ಹಿಡಿತಿದ್ವಿ. ಇದನ್ನ ನೋಡಿ, ಈಗ ಊರಿಗೇ ಬಸ್ ಬತ್ತದೆ ಅಂತ ವ್ಯಾನ್ ಬಿಟ್ವಿ. ಬೇವಿನ ಮರದಡಿ ಒಂಬತ್ತರ ತನಕ ನಿಂತಿದ್ವಿ. ಬಸ್ ಎಲ್ಲಿ ಬರ್ಬೇಕು? ದುರ್ಗ ಮುಟ್ಟೋ ಹೊತ್ಗೆ ನಮ್ಮ ಸರದಿ ಹೋಗಿತ್ತು. ಇವತ್ತಿಗೆ ದಿನ ಕೊಟ್ಟವ್ರೆ.”

ತಿಪ್ಪೇರುದ್ರಪ್ಪ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಇಟ್ಟರು.

“ಜಗಳಕ್ಕೆ ಬಂದಿಲ್ಲ ಕಣಣ್ಣ,” ಎಂದಳು ಪಾಲಕ್ಕ. “ಬೇರೆ ಯಾರು ಬರ್ದಿದ್ರೂ ನಾವು ನಂಬ್ತಿರ್ಲಿಲ್ಲ. ಕೆಳ್ಗೆ ನಿಮ್ಮ ಹೆಸರಿತ್ತು. ಅದ್ಕೇ ಕೇಳ್ಕಂಡು ಹೋಗಾಣ ಅಂತ ಬಂದೆ.”

ಅವಳು ತಾಯಿಯನ್ನು ಎಬ್ಬಿಸಿಕೊಂಡು ದುರ್ಗದ ಬಸ್ಸಿನ ಕಡೆ ನಡೆದಳು. ತಿಪ್ಪೇರುದ್ರಪ್ಪ ನೋಡುತ್ತ ಕೂತರು. ಎಷ್ಟೋ ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಅವರಿಗೆ ನೆನಪಾಯಿತು. ಓಬಳೇಶ ಎಂಬ ಏಜೆಂಟ್ ಇದ್ದ. ಸೀಟು ತುಂಬಿಸಲು ಬಸ್ಸು ಹೋಗದ ಊರುಗಳ ಹೆಸರನ್ನೂ ಕೂಗುತ್ತಿದ್ದ. ಅದನ್ನು ಕೇಳಿ ಹತ್ತಿದ ಒಬ್ಬ ಬಾಣಂತಿಯನ್ನು ಬಸ್ಸಿನವರು ನಡುದಾರಿಯ ಕ್ರಾಸಿನಲ್ಲಿ ಬಿಸಿಲಿಗೆ ಇಳಿಸಿ ಬಂದಿದ್ದರು. ತಿಪ್ಪೇರುದ್ರಪ್ಪ ಅವತ್ತು ಇಡೀ ನಿಲ್ದಾಣದ ಎದುರು ಓಬಳೇಶನ ನೀರಿಳಿಸಿದ್ದರು. “ಹೋಗ್ದೇ ಇರೋ ಊರಿನ ಹೆಸ್ರು ಕೂಗ್ತೀಯಲ್ಲ, ನಾಚ್ಕೆ ಆಗಲ್ವೇನೋ?” ಎಂದಿದ್ದರು. ಓಬಳೇಶ ಕೂಗಿದ್ದು ನಾಲ್ಕೋ ಐದೋ ಊರು. ಇವರು ಕೂಗಿದ್ದು ನಾನೂರ ಹನ್ನೆರಡು.

“ಅಳಿಸಮ್ಮ,” ಎಂದರು. ಕಣ್ಣು ತುಂಬಿತ್ತು. “ಬ್ಯಾಡ, ಎಲ್ಲಿ ಒತ್ಬೇಕು ತೋರ್ಸು. ನಾನೇ ಅಳಿಸ್ತೀನಿ.”

ಮೂರು ದಿನ ಹಿಡಿಯಿತು. ಒಂದೊಂದು ಊರಿನ ಹೆಸರನ್ನೂ ಬಾಯಿಬಿಟ್ಟು ಓದಿ ಅಳಿಸಿದರು. ಆ ಊರುಗಳ ದಾರಿ, ದಾರಿಯ ಹಳ್ಳ, ಹಳ್ಳದಲ್ಲಿ ಹೂತು ನಿಂತ ಬಸ್ಸನ್ನು ಜನ ಇಳಿದು ತಳ್ಳಿದ್ದು, ಎಲ್ಲವೂ ಕಣ್ಣ ಮುಂದೆ ಬಂದವು. ಅಷ್ಟು ಗೊತ್ತಿದ್ದೂ ಆ ನಾಲ್ಕು ಸುಳ್ಳು ಸಾಲಿಗೆ ಹೆಸರು ಹಾಕಿದೆನಲ್ಲ ಎಂದು ಕೈ ಕೈ ಹಿಸುಕಿಕೊಂಡರು. ಲಿಂಕ್ ಹಾಕಿದ್ದ ಸೈಟುಗಳಿಗೆಲ್ಲ ದಯವಿಟ್ಟು ತೆಗೆಯಿರಿ ಎಂದು ನಸ್ರೀನ್ ಬರೆದಳು. ತಪ್ಪು ತಿದ್ದಿದ್ದೇವೆ ಎಂದು ಗೂಗಲ್‌ಗೂ ಬರೆದಳು. ಇನ್ನೂ ಸರಿಯಾಗಿಲ್ಲ ಎಂದು ಉತ್ತರ ಬಂತು. ಉಳಿದ ಲಿಂಕುಗಳನ್ನು ಹುಡುಕಿ ತೆಗೆಸಿ ಮತ್ತೆ ಬರೆದಳು. ಎರಡನೆಯ ಸಲ ಒಪ್ಪಿಗೆಯಾಯಿತು. ಆದರೂ ಸೈಟು ಕಾಣುತ್ತಿದ್ದುದು ಎಲ್ಲೋ ಹಿಂದಿನ ಸಾಲಿನಲ್ಲಿ.

ಅಷ್ಟರಲ್ಲಿ ನಸ್ರೀನ್ ಒಂದು ಮಾತು ಕೇಳಿದಳು. “ರುದ್ರಣ್ಣ, ಕಿಟಕಿ ಹತ್ರ ಬಂದು ಜನ ಬರೀ ಬಸ್ಸಿನ ಟೈಮ್ ಕೇಳ್ತಿದ್ರಾ?”

ತಿಪ್ಪೇರುದ್ರಪ್ಪ ನಕ್ಕರು. ಎಷ್ಟೋ ದಿನಗಳ ಮೇಲೆ ಬಂದ ನಗು. “ಎಲ್ಲಿಯ ಟೈಮಮ್ಮ! ಡಾಕ್ಟ್ರು ಎದ್ದೋಗೋದ್ರೊಳ್ಗೆ ಮುಟ್ತೀವಾ ಅಂತ ಕೇಳೋರು. ಸಂತೆ ದಿನ ಕುರಿ ಹತ್ತಿಸ್ಕಂತಾರಾ, ಮಗ್ಳು ಒಬ್ಳೇ ಬತ್ತಾಳೆ, ಹೊತ್ತು ಮುಳುಗೋದ್ರೊಳ್ಗೆ ಬಸ್ ಐತಾ, ಇಂಥವೇ.”

“ಹಂಗಾದ್ರೆ ಅದನ್ನೇ ಬರಿಯಾಣ.”

ಬರೆದರು. ಬರೆಯುವ ಮೊದಲು ತಿಪ್ಪೇರುದ್ರಪ್ಪ ಒಂದೊಂದು ಬಸ್ಸನ್ನೂ ತಾವೇ ಹತ್ತಿ ಹೋಗಿಬಂದರು. ಹೊತ್ತು ಸರಿಯೇ ಎಂದು ಕಂಡಕ್ಟರನ್ನು ಕೇಳಿ, ಪುಟದ ಕೆಳಗೆ ಅವನ ಹೆಸರು ಮತ್ತು ತಾರೀಖು ಹಾಕಿದರು. ಹಳೆಯ ಡ್ರೈವರುಗಳು ಕಂಡಾಗ ಕ್ರಾಸಿನ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಸತ್ತವರನ್ನೂ ಇದ್ದವರನ್ನೂ ನೆನೆದರು. ಅವರಿಗೆ ಹೋದ ಪ್ರಾಯ ತಿರುಗಿ ಬಂದ ಹಾಗಾಯಿತು.

ಬಸ್ಸಿಲ್ಲದ ಊರುಗಳಿಗೂ ಒಂದೊಂದು ಪುಟ ಮಾಡಿದರು. ಕೆಂಚವ್ವನಹಟ್ಟಿಯದು ಹೀಗಿತ್ತು: ‘ಈ ಊರಿಗೆ ಬಸ್ ಇಲ್ಲ. ಬೆಳಿಗ್ಗೆ ಆರಕ್ಕೆ ಹಾಲಿನ ವ್ಯಾನ್ ಊರಿಂದ ಕ್ರಾಸಿಗೆ ಹೋಗುತ್ತದೆ, ತಪ್ಪಿಸಿಕೊಳ್ಳಬೇಡಿ. ನಡೆದರೆ ಮುಕ್ಕಾಲು ಗಂಟೆ. ದಾರಿಯಲ್ಲಿ ನೆರಳಿಲ್ಲ, ನೀರು ಇಟ್ಟುಕೊಳ್ಳಿ. ಕ್ರಾಸಿನಲ್ಲಿ ಏಳಕ್ಕೆ ದುರ್ಗದ ಬಸ್ ಸಿಗುತ್ತದೆ.’

ಜನ ಓದಿದರು, ಅದರಂತೆ ಹೋದರು, ಕೆಲಸ ಆಯಿತು, ಇನ್ನೊಬ್ಬರಿಗೆ ಹೇಳಿದರು. ಆಶಾ ಕಾರ್ಯಕರ್ತೆಯರು ಊರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಆ ಪುಟ ಹಾಕಿದರು. ಯಾರೂ ಹೇಳಿ ಹಾಕಿಸಿದ್ದಲ್ಲ. ಹತ್ತು ತಿಂಗಳಾಗುವ ಹೊತ್ತಿಗೆ ಸೈಟು ಹುಡುಕಾಟದಲ್ಲಿ ಮೊದಲಿನ ಜಾಗಕ್ಕೆ ಬಂತು. ಎಲ್ಲಕ್ಕಿಂತ ಮೇಲೆ ಕಾಣುತ್ತಿದ್ದುದು, ಎಲ್ಲಕ್ಕಿಂತ ಹೆಚ್ಚು ಜನ ಓದುತ್ತಿದ್ದುದು ಕೆಂಚವ್ವನಹಟ್ಟಿಯ ಆ ಪುಟ. ಹಟ್ಟಿಯವರಷ್ಟೇ ಅಲ್ಲ, ಅಲ್ಲಿಗೆ ಹೆಣ್ಣು ಕೊಟ್ಟವರು, ಅಲ್ಲಿನ ಶಾಲೆಗೆ ಬರುವ ಮೇಷ್ಟ್ರುಗಳು ಎಲ್ಲರೂ ಹುಡುಕುತ್ತಿದ್ದರು.

ತಿಪ್ಪೇರುದ್ರಪ್ಪ ಆ ಲೆಕ್ಕವನ್ನು ಹಾಳೆಯಲ್ಲಿ ತೆಗೆಸಿಕೊಂಡು ಬಸ್ ಮಾಲೀಕ ಹೊನ್ನೂರಪ್ಪನ ಬಳಿಗೆ ಹೋದರು. “ನೋಡಪ್ಪ, ಒಂದು ತಿಂಗಳಿಗೆ ಆರ್ನೂರು ಸಲ ಈ ಊರಿಗೆ ಬಸ್ ಐತಾ ಅಂತ ಕೇಳವ್ರೆ. ನಾನು ಆರ್ನೂರು ಸಲ ಇಲ್ಲ ಅಂದೀನಿ. ನಂಗೆ ಸಾಕಾಗೈತೆ.” ಹೊನ್ನೂರಪ್ಪ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಅರ್ಜಿ ಹಾಕಿ, ಅನುಮತಿ ಪಡೆದು, ಬೆಳಗಿನ ಒಂದು ಬಸ್ಸನ್ನು ಹಟ್ಟಿಯ ಮೇಲೆ ಹಾಯಿಸಲು ಒಪ್ಪಿದ.

ಸುದ್ದಿ ಬಂದ ದಿನ ನಸ್ರೀನ್ ಸ್ವಲ್ಪ ತಡೆದಳು. “ರುದ್ರಣ್ಣ, ನಮ್ಮನ್ನ ಮೇಲೆ ತಂದಿದ್ದೇ ಈ ಪುಟ. ಬದಲಾಯಿಸಿದ್ರೆ ಕೆಳಗೆ ಹೋದ್ರೂ ಹೋಗ್ಬೋದು. ಇನ್ನು ಬಸ್ ಎಷ್ಟು ಹೊತ್ತಿಗೆ ಅಂತ ಊರಿಗೇ ಗೊತ್ತಿರ್ತದೆ, ಹುಡುಕೋರೂ ಇರಲ್ಲ.”

“ಹೋದ್ರೆ ಹೋಗ್ಲಿ ಕಣಮ್ಮ. ಬಸ್ ಬಂತಲ್ಲ, ಹಾಕು,” ಎಂದರು ತಿಪ್ಪೇರುದ್ರಪ್ಪ.

ಮೊದಲ ಬಸ್ಸು ಬರುವ ದಿನ ಅವರು ಹಾಲಿನ ವ್ಯಾನ್ ಹತ್ತಿ ಕೆಂಚವ್ವನಹಟ್ಟಿಗೆ ಹೋಗಿ ಜನರ ಹಿಂದೆ ನಿಂತರು. ಎಳೆಗೂಸನ್ನು ಎತ್ತಿಕೊಂಡಿದ್ದ ಹಟ್ಟಿಯ ಸೊಸೆಯೊಬ್ಬಳು ಇವರ ಕಡೆ ತಿರುಗಿದಳು. ಯಾರೋ ದಾರಿ ತಿಳಿಯದ ಮುದುಕ ಅಂದುಕೊಂಡಳೇನೋ.

“ಏಳಕ್ಕೆ ಕರೆಕ್ಟಾಗಿ ಬತ್ತದೆ ತಾತ,” ಎಂದಳು. “ಗಾಬರಿ ಬ್ಯಾಡ, ನಿಂತ್ಕ.”

“ಹೌದೇನವ್ವ?” ಎಂದರು ತಿಪ್ಪೇರುದ್ರಪ್ಪ. “ಒಳ್ಳೇದಾಯ್ತು ಬಿಡು.”

ನೀತಿ: ಇಲ್ಲದ್ದನ್ನು ಇದೆ ಎಂದು ಕೂಗಿ ಮುಂದಿನ ಸಾಲಿಗೆ ಬಂದವನು ನಂಬಿದವರನ್ನು ದಾರಿಯಲ್ಲಿ ನಿಲ್ಲಿಸುತ್ತಾನೆ, ಕೊನೆಗೆ ತಾನೂ ಕಾಣದಾಗುತ್ತಾನೆ. ಕಳೆದುಕೊಂಡ ಜಾಗ ಮತ್ತೆ ಬೇಕಿದ್ದರೆ ಮೊದಲು ನಮ್ಮ ಸುಳ್ಳನ್ನು ನಮ್ಮ ಕೈಯಿಂದಲೇ ಅಳಿಸಬೇಕು, ಆಮೇಲೆ ಕೇಳಿದವರಿಗೆ ನಿಜ ಹೇಳಿಕೊಂಡು ತಾಳ್ಮೆಯಿಂದ ಕಾಯಬೇಕು. ಜನ ಹುಡುಕಿಕೊಂಡು ಬರುವುದು ತಮ್ಮ ಕೆಲಸ ಆಗಲಿ ಎಂದು. ಅದು ಆದರೆ ನಮ್ಮ ಹೆಸರು ಕಾಣದಿದ್ದರೂ ನಷ್ಟವಿಲ್ಲ.