ಕಂಪ್ಯೂಟರಿಗೆ ಹೊದಿಸಿದ ಬಟ್ಟೆ

ಮಗಳ ಓದಿಗೆಂದು ವಾರಿಜಮ್ಮ ಅಗ್ಗದ ಪುಟ್ಟ ಕಂಪ್ಯೂಟರೊಂದನ್ನು ತಂದು ಪಡಸಾಲೆಯ ಟಿವಿಗೆ ಜೋಡಿಸಿದರು. ಧೂಳು ಕೂರಬಾರದೆಂದು, ಟಿವಿಯ ತಲೆಗೆ ಹೊದಿಸಿದ್ದಂಥದೇ ಕಸೂತಿ ಬಟ್ಟೆಯನ್ನು ಅದಕ್ಕೂ ಹೊದಿಸಿದರು.

"ಟಿವಿಯಣ್ಣ, ಉಸಿರು ಕಟ್ಟುತ್ತಿದೆ. ಮೈ ಸುಡುತ್ತಿದೆ," ಎಂದಿತು ಕಂಪ್ಯೂಟರ್.

"ಅಕ್ಕರೆಯಿಂದ ಹೊದಿಸಿದ್ದಾರೆ. ಬೇಡವೆಂದರೆ ನೊಂದುಕೊಳ್ಳುತ್ತಾರೆ," ಎಂದಿತು ಟಿವಿ.

"ಹಾಗಾದರೆ ನಿನ್ನ ಪರದೆಯ ಮೇಲೆ ಒಂದು ಸಾಲು ಬರೆದು ಬೇಡಿಕೊಳ್ಳುತ್ತೇನೆ."

"ಈಗ ಅಮ್ಮನ ಧಾರಾವಾಹಿಯ ಹೊತ್ತು. ಮುಗಿಯಲಿ, ತಾಳು."

ಧಾರಾವಾಹಿಯಲ್ಲಿ ಸೊಸೆ ಕಣ್ಣೀರಿಟ್ಟಳು. ವಾರಿಜಮ್ಮನೂ ಅತ್ತರು. ಅದು ಮುಗಿಯುವಷ್ಟರಲ್ಲಿ ಕಂಪ್ಯೂಟರ್ ಸುಟ್ಟುಹೋಗಿತ್ತು.

ಬಟ್ಟೆ ಸರಿಸಿ ನೋಡಿದ ಮಗಳು ಬಿಕ್ಕಿದಳು. "ಅಳಬೇಡ ಕಂದಾ, ಎಲ್ಲಿಂದಲೋ ಧೂಳು ಹೊಕ್ಕಿದೆ," ಎಂದು ಸಂತೈಸಿದ ವಾರಿಜಮ್ಮ, ಮುಂದೆ ತರುವ ಕಂಪ್ಯೂಟರಿಗೆಂದು ಇನ್ನೂ ದಪ್ಪನೆಯ ಬಟ್ಟೆ ಹೊಲಿಯಲು ಕೂತರು.