ರೆಕ್ಕೆ ಕಟ್ಟಿ ನಿಂತ ಕೋಳಿ

ಒಂದಾನೊಂದು ಊರಿನಲ್ಲಿ (ಊರಿನ ಹೆಸರು ಕೇಳಬೇಡಿ, ಕರೆದರೆ ಎದ್ದು ಇಲ್ಲಿಗೇ ಬಂದುಬಿಡುತ್ತೆ) ದಡಬಡರಾಯ ಅಂತ ಒಬ್ಬ ರಾಜ. ನಿಂತದ್ದನ್ನು ಕಂಡರೆ ಅವನಿಗೆ ಆಗದು. ಸಿಂಹಾಸನಕ್ಕೂ ಚಕ್ರ, ಮಂಚಕ್ಕೂ ಚಕ್ರ. ಊಟದ ತಟ್ಟೆಗೂ ಚಕ್ರ. ಅನ್ನದ ಹಿಂದೆ ಓಡಿ ಓಡಿ ಉಣ್ಣುತ್ತಿದ್ದ.

ಒಂದು ದಿನ ಡಂಗುರ ಹೊಡೆಸಿದ. "ಶಾಲೆ ಮಕ್ಕಳಿಗೆ ಕಂಪ್ಯೂಟರ್ ಅನಿಮೇಷನ್ ಸ್ಪರ್ಧೆ! ಚಿತ್ರ ಬಿಡಿಸಿ, ಓಡಿಸಿ. ಚಿತ್ರ ಓಡದಿದ್ದರೆ ಆ ಶಾಲೆಯ ಗಂಟೆ ನನಗೆ!"

ಗಂಟೆ ಹೋದರೆ ಗತಿಯೇನು ಯೋಚಿಸಿ. ಗಂಟೆ ಹೊಡೆಯದೆ ಶಾಲೆ ಬಿಡುವಂತಿಲ್ಲ. ಶಾಲೆ ಬಿಡದೆ ಮನೆಗೆ ಹೋಗುವಂತಿಲ್ಲ. ಮಕ್ಕಳು ಮಗ್ಗಿ ಹೇಳುತ್ತಾ ಹೇಳುತ್ತಾ ಅಲ್ಲೇ ಮುದುಕರಾಗಬೇಕು!

ಏಳನೇ ಕ್ಲಾಸಿನ ಸಿದ್ಲಿಂಗಿ ಮುಂದೆ ಬಂದಳು. ಕಂಪ್ಯೂಟರಿನಲ್ಲಿ ಒಂದು ಕೋಳಿ ಬಿಡಿಸಿದಳು. ಹೆಜ್ಜೆಗೊಂದು ಚಿತ್ರ, ಹೆಜ್ಜೆಗೊಂದು ಚಿತ್ರ. ಕೋಳಿ ಓಡಿತು. ಅವತ್ತು ಊರಲ್ಲಿ ಕರೆಂಟೇ ಇರಲಿಲ್ಲ, ಮತ್ತೆ ಹೇಗೆ ಓಡಿತು ಅಂತೀರಾ? ನನ್ನ ಮೀಸೆಗೆ ವೈರು ಸಿಕ್ಕಿಸಿದ್ದರು. ಜಂಬ ಅಲ್ಲ, ಇದ್ದದ್ದು ಹೇಳಿದೆ.

ರಾಜ ಗಡಗಡ ಉರುಳಿಕೊಂಡು ಬಂದ. ಕೋಳಿ ಅವನನ್ನು ನೋಡಿತು. ಓಟ ಬಿಟ್ಟು ನೆಟ್ಟಗೆ ನಿಂತಿತು. ರೆಕ್ಕೆ ಕಟ್ಟಿಕೊಂಡಿತು.

"ನಮಸ್ತೇ ಸಾ...ರ್!"

"ಓಡೇ!" ಅಂದಳು ಸಿದ್ಲಿಂಗಿ.

"ಅದ್ಹೆಂಗೆ? ಶಾಲೇಲಿ ಹುಟ್ಟಿದ ಕೋಳಿ ನಾನು. ದೊಡ್ಡೋರು ಬಂದ್ರೆ ಅಲ್ಲಾಡಬಾರದು."

ಹೆಡ್‌ಮೇಷ್ಟ್ರು ಹುಚ್ಚೀರಪ್ಪ ಬೆವರಿದರು. "ಓಡಮ್ಮಾ ತಾಯಿ, ನಾನೇ ಹೇಳ್ತಿದೀನಿ."

"ಓಡಿದ್ರೆ ಕಾಲು ಮುರೀತೀನಿ ಅಂದೋರೂ ನೀವೇ ಸಾರ್."

ರಾಜ ಕೆಂಪಾದ. ಭಟರು ಗಂಟೆ ಕಿತ್ತು ಸಿಂಹಾಸನಕ್ಕೆ ಕಟ್ಟಿದರು. ಚಿಕ್ಕ ಮಕ್ಕಳು ಅಳಲು ಶುರುಮಾಡಿದರು.

"ಸಿದ್ಲಿಂಗೀ," ಪಿಸುಗುಟ್ಟಿತು ಗಂಟೆ, "ಬಾರಿಸೇ ನನ್ನ!"

"ಈಗಿನ್ನೂ ಮೂರು ಗಂಟೆ ಕಣೆ. ಶಾಲೆ ಬಿಡೋದು ನಾಲ್ಕಕ್ಕೆ."

"ನಾಲ್ಕಾಯ್ತು ಅಂತ ನಾನು ಹೊಡ್ಕೊಳ್ಳಲ್ಲ. ನಾನು ಹೊಡ್ಕೊಂಡೆ ಅಂತ ನಾಲ್ಕಾಗುತ್ತೆ!"

ಸಿದ್ಲಿಂಗಿ ಜಾಮಿಟ್ರಿ ಬಾಕ್ಸ್ ಎತ್ತಿದಳು. ಕಣ್ಣು ಮುಚ್ಚಿದಳು. ಢಣ ಢಣ ಢಣ ಢಣ! ಲಾಂಗ್ ಬೆಲ್!

"ಹೋ..." ಅಂತ ಮಕ್ಕಳು ಓಡಿದರು. ಕೋಳಿ ಕಂಪ್ಯೂಟರ್ ಒಡೆದುಕೊಂಡು ಓಡಿತು. ಹುಚ್ಚೀರಪ್ಪನವರು ಪಂಚೆ ಎತ್ತಿ ಓಡಿದರು. ಭಟರು ಓಡಿದರು. ರಾಜ? ಅವನೂ ಒಂದು ಕಾಲಕ್ಕೆ ಶಾಲೆಗೆ ಹೋದವನೇ ತಾನೇ! "ಅವ್ವಾ, ಹಸಿವೂ!" ಅಂತ ಸಿಂಹಾಸನ, ಗಂಟೆ ಎಲ್ಲ ಅಲ್ಲೇ ಬಿಟ್ಟು ಓಡಿದ.

ಗಂಟೆ ಉಳಿಯಿತು. ಕೋಳಿ ರಾಜನಿಗಿಂತ ಮುಂದಿತ್ತು, ಹಾಗಾಗಿ ಬಹುಮಾನ ಸಿದ್ಲಿಂಗಿಗೇ. ಕಂಪ್ಯೂಟರಿನೊಳಗೆ ಈಗ ಬರೀ ಒಂದು ಮೊಟ್ಟೆ ಇದೆ. ಅದೂ ನಾಲ್ಕಾಗುವುದನ್ನೇ ಕಾಯುತ್ತಿದೆ.

ಇದರ ನೀತಿ: ರಾಜನನ್ನು ಓಡಿಸಲು ದಂಡು ಬೇಡ, ಲಾಂಗ್ ಬೆಲ್ ಸಾಕು. ಕತೆ ಸುಳ್ಳು ಅನ್ನುವವರು ನಾಳೆ ಬೆಲ್ ಹೊಡೆದಾಗ ಓಡದೆ ನಿಂತು ತೋರಿಸಿ. ನನ್ನ ಮೀಸೆ ಬೋಳಿಸುತ್ತೇನೆ!