ಕ್ಯಾಮೆರಾ ಕಂಡ ಕೊಳೆ

ಬೆಟ್ಟದ ನೆತ್ತಿಯಲ್ಲಿ ಒಂದು ದೊಡ್ಡ ದೂರದರ್ಶಕ, ಒಂದು ಚಿಕ್ಕ ದೂರದರ್ಶಕ ಇದ್ದವು. ಅವೆರಡೂ ಕಳಿಸುವ ಬೆಳಕನ್ನು ಒಂದುಗೂಡಿಸಿ ನೋಡಲೆಂದು ಹೊಸ ಕ್ಯಾಮೆರಾ ಬಂತು. ಬಿಸಿಯಿದ್ದುದೆಲ್ಲ ಅದರ ಕಣ್ಣಿಗೆ ಬೆಳಕಾಗಿಯೇ ಕಾಣುತ್ತಿತ್ತು. ಹಾಗಾಗಿ ಅದನ್ನು ಸದಾ ತಣ್ಣಗಿಡಲು ಬೆನ್ನಿಗೊಂದು ಶೀತಕಯಂತ್ರ ಕಟ್ಟಿದ್ದರು.

"ನಿನ್ನ ಗಡಗಡಕ್ಕೆ ನನ್ನ ಚಿತ್ರ ನಡುಗುತ್ತಿದೆ, ಮೆಲ್ಲಗೆ ತಿರುಗು," ಎಂದು ಪರೀಕ್ಷೆಯ ದಿನವೇ ಕ್ಯಾಮೆರಾ ಗದರಿತು.

"ಮೆಲ್ಲಗೆ ತಿರುಗಿದರೆ ನೀನು ಬೆಚ್ಚಗಾಗುತ್ತೀಯ," ಎಂದಿತು ಯಂತ್ರ.

"ಅದನ್ನು ನಾನು ನೋಡಿಕೊಳ್ಳುತ್ತೇನೆ."

ಯಂತ್ರ ಮೆಲ್ಲಗಾಯಿತು. ಚಿತ್ರದ ನಡುಕವೇನೋ ನಿಂತಿತು, ಆದರೆ ಅದರ ತುಂಬ ಬೆಳ್ಳನೆಯ ಮಂಜು ಕವಿಯಿತು. "ಚಿಕ್ಕ ದೂರದರ್ಶಕದ ಕನ್ನಡಿ ಕೊಳೆಯಾಗಿದೆ," ಎಂದುಬಿಟ್ಟಿತು ಕ್ಯಾಮೆರಾ. ಅದರ ಮಾತು ನಂಬಿ ಕೆಲಸದವರು ಕನ್ನಡಿಯನ್ನು ಇಳಿಸಿ ತಿಕ್ಕಿ ತೊಳೆದರು. ತಿಕ್ಕುವಾಗ ಅದರ ಮೈತುಂಬ ಗೀರು ಬಿತ್ತು. ಮಂಜು ಮಾತ್ರ ಹೋಗಲಿಲ್ಲ.

"ಇನ್ನೊಮ್ಮೆ ತೊಳೆಯಲಿ," ಎಂದಿತು ಕ್ಯಾಮೆರಾ.

ಯಂತ್ರಕ್ಕೆ ಇನ್ನು ಸುಮ್ಮನಿರಲಾಗಲಿಲ್ಲ. ಕ್ಯಾಮೆರಾದ ಕಣ್ಣಿನ ಮೇಲೆ ತಣ್ಣನೆಯ ಮುಚ್ಚಳ ಎಳೆದು ಕೇಳಿತು: "ಈಗ ಯಾವ ಕನ್ನಡಿಯ ಬೆಳಕೂ ನಿನಗೆ ಬರುತ್ತಿಲ್ಲ. ಏನು ಕಾಣುತ್ತಿದೆ, ಹೇಳು."

ಕಾಣುತ್ತಿದ್ದುದು ಅದೇ ಮಂಜು. ಅದು ತನ್ನದೇ ಮೈಯ ಬಿಸಿ ಎಂದು ತಿಳಿದು ಕ್ಯಾಮೆರಾ ಕುಗ್ಗಿಹೋಯಿತು. "ಜೋರಾಗಿ ತಿರುಗು," ಎಂದಿತು.

ಮೈ ತಣ್ಣಗಾದ ಮೇಲೆ ಮಂಜು ಕರಗಿತು. ನಕ್ಷತ್ರ ಕೊಂಚ ನಡುಗುತ್ತಲೇ ಕಂಡಿತು. ಚಿಕ್ಕದರಿಂದ ಬಂದ ಬೆಳಕು ಮಾತ್ರ ಮಂಕಾಗಿತ್ತು.

"ನನ್ನ ತಂಗಿಯ ಕನ್ನಡಿಗೆ ಏನಾಗಿದೆ?" ಎಂದು ದೊಡ್ಡ ದೂರದರ್ಶಕ ಕೇಳಿತು.

"ಕನ್ನಡಿ ಅವಳದು," ಎಂದಿತು ಕ್ಯಾಮೆರಾ. "ಗೀರು ನನ್ನದು."